ಮಲೆನಾಡಿನ ಮೇಷ್ಟ್ರು, ದೇಶಾಂತರದ ಪಯಣಿಗ: ಡಾ. ಯು.ಆರ್. ಅನಂತಮೂರ್ತಿ

ಕನ್ನಡಕ್ಕೆ ಆರನೆಯ ಜ್ಞಾನಪೀಠ ಪ್ರಶಸ್ತಿಯನ್ನು ತಂದ ಡಾ. ಯು.ಆರ್. ಅನಂತಮೂರ್ತಿ (21 ಡಿಸೆಂಬರ್ 1932 – 22 ಆಗಸ್ಟ್ 2014) ಅವರನ್ನು ನಾಡು ಕಾದಂಬರಿಕಾರರೆಂದೂ ಚಿಂತಕರೆಂದೂ ಬಲ್ಲದು. ಅವರ ಶಿಷ್ಯರಿಗೆ ಮಾತ್ರ ಅವರು ಮೊದಲಿಗೂ ಕೊನೆಗೂ ‘ಮೇಷ್ಟ್ರು’. ಇಂಗ್ಲಿಷ್ ಸಾಹಿತ್ಯದ ಅಧ್ಯಾಪಕರಾಗಿ ವೃತ್ತಿ ಆರಂಭಿಸಿದ ಅವರು ಇಂಗ್ಲೆಂಡ್, ಅಮೆರಿಕ, ಜರ್ಮನಿ, ರಷ್ಯಾ, ಚೀನಾ ಮುಂತಾದ ದೇಶಗಳನ್ನು ಕಂಡರು. ಹಲವು ವಿಶ್ವವಿದ್ಯಾಲಯಗಳಲ್ಲಿ ಪಾಠ ಹೇಳಿದರು. ಆದರೆ ಅವರು ಬರೆದದ್ದು ಬಹುಪಾಲು ತುಂಗೆಯ ದಂಡೆಯ ಒಂದು ಚಿಕ್ಕ ಪ್ರದೇಶವನ್ನು ಕುರಿತು. ಹಳ್ಳಿಯ ಮಗು ಯಾವ ಭಾಷೆಯಲ್ಲಿ, ಎಂತಹ ಶಾಲೆಯಲ್ಲಿ, ಯಾರ ಮಕ್ಕಳ ಜೊತೆಗೆ ಕುಳಿತು ಕಲಿಯಬೇಕು ಎಂಬ ಪ್ರಶ್ನೆಯನ್ನು ಅವರು ಕೊನೆಯವರೆಗೂ ಕೈಬಿಡಲಿಲ್ಲ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಸೀಮೆಯ ಪಾಲಿಗೆ ಇದು ಇಂದಿಗೂ ಜೀವಂತ ಪ್ರಶ್ನೆಯೇ ಆಗಿದೆ.

ತುಂಗೆಯ ದಂಡೆಯ ಪರಿಸರ

ಶೃಂಗೇರಿಯ ಶಾರದಾಂಬೆಯ ಸನ್ನಿಧಿಯನ್ನು ಹಾಯ್ದು ಬರುವ ತುಂಗಾನದಿ ಕೊಪ್ಪ ತಾಲ್ಲೂಕಿನ ಹರಿಹರಪುರವನ್ನು ದಾಟಿ ತೀರ್ಥಹಳ್ಳಿಯತ್ತ ಸಾಗುತ್ತದೆ. ಆಡಳಿತದ ಗೆರೆಯಂತೆ ಶೃಂಗೇರಿ, ಕೊಪ್ಪ, ನರಸಿಂಹರಾಜಪುರ ತಾಲ್ಲೂಕುಗಳು ಚಿಕ್ಕಮಗಳೂರು ಜಿಲ್ಲೆಗೆ ಸೇರಿದರೆ, ಕೊಪ್ಪಕ್ಕೆ ಹೊಂದಿಕೊಂಡಿರುವ ತೀರ್ಥಹಳ್ಳಿ ಶಿವಮೊಗ್ಗ ಜಿಲ್ಲೆಗೆ ಸೇರಿದೆ. ಅಡಿಕೆ ತೋಟ, ಗದ್ದೆ, ಕಾಡು, ಮಠ, ಅಗ್ರಹಾರ, ಬಸದಿಗಳನ್ನು ನೋಡಿದರೆ ಮಾತ್ರ ಇದೆಲ್ಲವೂ ಒಂದೇ ನಾಡು. ಮದುವೆ, ಜಾತ್ರೆ, ವ್ಯಾಪಾರಗಳ ಸಂಬಂಧವೂ ಜಿಲ್ಲೆಯ ಗಡಿಯನ್ನು ಲೆಕ್ಕಿಸುವುದಿಲ್ಲ.

ಈ ಸೀಮೆಗೆ ಗುರುಪರಂಪರೆ ಹೊಸತಲ್ಲ. ದೇಶವನ್ನು ಕಾಲ್ನಡಿಗೆಯಲ್ಲಿ ಸುತ್ತಿದ ಶಂಕರಾಚಾರ್ಯರು ವಿದ್ಯಾಧಿದೇವತೆಯ ಪೀಠವನ್ನು ಶೃಂಗೇರಿಯಲ್ಲಿ ಸ್ಥಾಪಿಸಿದರೆಂಬುದು ಪರಂಪರೆಯ ನಂಬಿಕೆ. ಆಧುನಿಕ ಕಾಲಕ್ಕೆ ಬಂದರೆ, ಮೈಸೂರು ವಿಶ್ವವಿದ್ಯಾಲಯದ ಕನ್ನಡ ಪ್ರಾಧ್ಯಾಪಕರಾಗಿ, 1956ರಿಂದ 1960ರವರೆಗೆ ಅದರ ಕುಲಪತಿಗಳಾಗಿದ್ದ ಕುವೆಂಪು ಜನಿಸಿದ್ದು 1904ರ ಡಿಸೆಂಬರ್ 29ರಂದು ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, ತಾಯಿಯ ತವರಿನಲ್ಲಿ. ಮೂರೂ ತಾಲ್ಲೂಕುಗಳನ್ನು ಒಳಗೊಂಡ ಶೃಂಗೇರಿ ವಿಧಾನಸಭಾ ಕ್ಷೇತ್ರವನ್ನು ಪ್ರತಿನಿಧಿಸಿದ ಎಚ್.ಜಿ. ಗೋವಿಂದೇಗೌಡರು 1990ರ ದಶಕದಲ್ಲಿ ಶಿಕ್ಷಣ ಸಚಿವರಾಗಿ, ಅರ್ಹತೆಯನ್ನೇ ಮಾನದಂಡವಾಗಿಟ್ಟು ದೊಡ್ಡ ಸಂಖ್ಯೆಯಲ್ಲಿ ಶಾಲಾ ಶಿಕ್ಷಕರನ್ನು ನೇಮಿಸಿದುದಕ್ಕೆ ಇಂದಿಗೂ ಸ್ಮರಣೀಯರು.

ಇದೇ ಪರಿಸರದ ಮೇಳಿಗೆ ಗ್ರಾಮದಲ್ಲಿ ಅನಂತಮೂರ್ತಿಯವರು ಜನಿಸಿದರು. ಮೇಳಿಗೆ ತೀರ್ಥಹಳ್ಳಿ ತಾಲ್ಲೂಕಿಗೆ ಸೇರಿದ ಊರು. ತಂದೆ ಉಡುಪಿ ರಾಜಗೋಪಾಲಾಚಾರ್ಯ, ತಾಯಿ ಸತ್ಯಭಾಮ. ಹೆಸರಿನ ಹಿಂದಿರುವ ‘ಯು.ಆರ್.’ ಎಂಬ ಅಕ್ಷರಗಳು ತಂದೆಯ ಹೆಸರಿನಿಂದ ಬಂದವು.

ಪಾಠಶಾಲೆಯಿಂದ ಮಹಾರಾಜ ಕಾಲೇಜಿಗೆ

ಅನಂತಮೂರ್ತಿಯವರ ಆರಂಭದ ವಿದ್ಯಾಭ್ಯಾಸ ನಡೆದದ್ದು ದೂರ್ವಾಸಪುರ ಅಗ್ರಹಾರದ ಸಾಂಪ್ರದಾಯಿಕ ಸಂಸ್ಕೃತ ಪಾಠಶಾಲೆಯಲ್ಲಿ. ಅನಂತರ ತೀರ್ಥಹಳ್ಳಿಯಲ್ಲಿ ಹಾಗೂ ಮೈಸೂರಿನಲ್ಲಿ ಓದು ಮುಂದುವರಿಯಿತು. ಒಂದೇ ಬಾಲ್ಯದಲ್ಲಿ ಎರಡು ಬಗೆಯ ಶಾಲೆಗಳನ್ನು ಕಂಡವರು ಅವರು. ಒಂದರಲ್ಲಿ ಮಂತ್ರ, ಮಡಿ, ಬಾಯಿಪಾಠ. ಇನ್ನೊಂದರಲ್ಲಿ ಇಂಗ್ಲಿಷ್ ಪುಸ್ತಕ, ಬೇರೆ ಬೇರೆ ಜಾತಿಯ ಸಹಪಾಠಿಗಳು, ಸ್ವಾತಂತ್ರ್ಯ ಚಳವಳಿಯ ಸುದ್ದಿ. ಈ ಎರಡು ಲೋಕಗಳ ನಡುವಿನ ಜಗ್ಗಾಟವೇ ಮುಂದೆ ಅವರ ಕಥನದ ಮೂಲದ್ರವ್ಯವಾಯಿತು. ವೇದಪಾಠಶಾಲೆಯಲ್ಲಿ ಕಲಿಯುವ ಹುಡುಗನೊಬ್ಬ ಗರ್ಭಿಣಿ ವಿಧವೆಯ ಬಹಿಷ್ಕಾರವನ್ನು ಅಸಹಾಯಕನಾಗಿ ಕಾಣುವ ‘ಘಟಶ್ರಾದ್ಧ’ ಕತೆ ಇದಕ್ಕೆ ಉತ್ತಮ ನಿದರ್ಶನ. ಈ ಕತೆಯನ್ನು ಆಧರಿಸಿ ತೀರ್ಥಹಳ್ಳಿ ತಾಲ್ಲೂಕಿನವರೇ ಆದ ಗಿರೀಶ ಕಾಸರವಳ್ಳಿ 1977ರಲ್ಲಿ ನಿರ್ದೇಶಿಸಿದ ಚಿತ್ರಕ್ಕೆ ರಾಷ್ಟ್ರಪತಿಗಳ ಸ್ವರ್ಣಕಮಲ ದೊರೆಯಿತು.

ಆ ಕಾಲದ ಮಲೆನಾಡು ಸಮಾಜವಾದಿ ಚಳವಳಿಯ ನೆಲೆಯೂ ಆಗಿತ್ತು. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದರು. ತೀರ್ಥಹಳ್ಳಿ ಸೀಮೆಯ ಶಾಂತವೇರಿ ಗೋಪಾಲಗೌಡರು ಆ ಪೀಳಿಗೆಯ ಯುವಕರಿಗೆ ನಾಯಕರಾಗಿದ್ದರು. ರಾಮಮನೋಹರ ಲೋಹಿಯಾ ಅವರ ವಿಚಾರಗಳು ಅನಂತಮೂರ್ತಿಯವರನ್ನು ಗಾಢವಾಗಿ ಪ್ರಭಾವಿಸಿದವು. ಗೋಪಾಲಗೌಡರ ಬದುಕಿನ ನೆರಳು ಮುಂದೆ ‘ಅವಸ್ಥೆ’ (1978) ಕಾದಂಬರಿಯ ನಾಯಕನ ಮೇಲೆ ಬಿದ್ದಿರುವುದನ್ನು ವಿಮರ್ಶಕರು ಗುರುತಿಸಿದ್ದಾರೆ.

ಮೈಸೂರು ವಿಶ್ವವಿದ್ಯಾಲಯದಿಂದ ಇಂಗ್ಲಿಷ್ ಎಂ.ಎ. ಪದವಿ ಪಡೆದ ಬಳಿಕ ಅಧ್ಯಾಪನ ಆರಂಭವಾಯಿತು. ಮೊದಲ ಕಥಾಸಂಕಲನ ‘ಎಂದೆಂದೂ ಮುಗಿಯದ ಕತೆ’ 1955ರಲ್ಲಿಯೇ ಪ್ರಕಟವಾಗಿತ್ತು. 1956ರಲ್ಲಿ ಅವರು ಎಸ್ತರ್ ಅವರನ್ನು ವಿವಾಹವಾದರು. ವೈದಿಕ ಮನೆತನದ ಯುವಕ ಕ್ರೈಸ್ತ ಕನ್ಯೆಯ ಕೈಹಿಡಿಯುವುದು ಅಂದಿನ ಮಲೆನಾಡಿನಲ್ಲಿ ಸುಲಭದ ಮಾತಾಗಿರಲಿಲ್ಲ.

ಬರ್ಮಿಂಗ್‌ಹ್ಯಾಮ್: ದೂರದಿಂದ ಕಂಡ ಊರು

ಕಾಮನ್‌ವೆಲ್ತ್ ವಿದ್ಯಾರ್ಥಿವೇತನ ಪಡೆದು 1963ರಲ್ಲಿ ಅವರು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯಕ್ಕೆ ತೆರಳಿದರು. 1930ರ ದಶಕದ ಇಂಗ್ಲಿಷ್ ಕಾದಂಬರಿ ಹಾಗೂ ರಾಜಕಾರಣ ಕುರಿತ ಅವರ ಸಂಶೋಧನೆಗೆ 1966ರಲ್ಲಿ ಪಿಎಚ್.ಡಿ. ಪದವಿ ಲಭಿಸಿತು. ಆದರೆ ಕನ್ನಡದ ಪಾಲಿಗೆ ಆ ಪ್ರವಾಸದ ದೊಡ್ಡ ಫಲ ಬೇರೆಯೇ ಆಗಿತ್ತು.

ಅಲ್ಲಿ ಅವರ ಮಾರ್ಗದರ್ಶಕರಾಗಿದ್ದವರು ಕಾದಂಬರಿಕಾರ ಮಾಲ್ಕಂ ಬ್ರಾಡ್‌ಬರಿ. ಇಬ್ಬರೂ ಒಮ್ಮೆ ಸ್ವೀಡನ್ನಿನ ನಿರ್ದೇಶಕ ಇಂಗ್ಮಾರ್ ಬರ್ಗ್‌ಮನ್ ಅವರ ‘ದಿ ಸೆವೆಂತ್ ಸೀಲ್’ ಚಿತ್ರವನ್ನು ನೋಡಿದರು. ತೆರೆಯ ಮೇಲೆ ಇಂಗ್ಲಿಷ್ ಅಡಿಬರಹವೂ ಇರಲಿಲ್ಲ. ಪ್ಲೇಗಿನಿಂದ ತತ್ತರಿಸಿದ ಮಧ್ಯಯುಗದ ಯುರೋಪು, ದೇವರನ್ನು ಹುಡುಕುವ ಯೋಧ, ಬೆನ್ನಟ್ಟಿ ಬರುವ ಮೃತ್ಯು, ಇವು ಆ ಚಿತ್ರದ ವಸ್ತು. ಯುರೋಪಿನವರು ತಮ್ಮ ಮಧ್ಯಯುಗವನ್ನು ಪುಸ್ತಕಗಳನ್ನು ಓದಿ ಕಲ್ಪಿಸಿಕೊಳ್ಳಬೇಕು, ಭಾರತೀಯನಿಗಾದರೋ ಹಲವು ಶತಮಾನಗಳು ಒಂದೇ ಹೊತ್ತಿನಲ್ಲಿ ಅವನ ಊರಿನಲ್ಲೇ ಬದುಕುತ್ತಿವೆ ಎಂಬ ಮಾತು ಚಿತ್ರ ಮುಗಿದ ಮೇಲೆ ಅವರ ನಡುವೆ ಬಂತು. ಹಾಗಾದರೆ ಅದನ್ನೇ ಬರೆಯಬೇಕೆಂದು ಬ್ರಾಡ್‌ಬರಿ ಸೂಚಿಸಿದರು. ಹೀಗೆ ತುಂಗೆಯಿಂದ ಸಾವಿರಾರು ಮೈಲಿ ದೂರದ ಕೈಗಾರಿಕಾ ನಗರದಲ್ಲಿ ಕುಳಿತು ಅವರು ಬರೆದ ಕಾದಂಬರಿಯೇ ‘ಸಂಸ್ಕಾರ’. ಇದು ಪ್ರಕಟವಾದದ್ದು 1965ರಲ್ಲಿ.

ಕಾದಂಬರಿಯ ಕಥೆ ನಡೆಯುವ ಅಗ್ರಹಾರದ ಹೆಸರು ದೂರ್ವಾಸಪುರ. ಲೇಖಕರು ಬಾಲ್ಯದಲ್ಲಿ ಕಲಿತ ಊರಿನದೇ ಹೆಸರು. ಆಚಾರಗೆಟ್ಟ ನಾರಣಪ್ಪ ಶಿವಮೊಗ್ಗೆಗೆ ಹೋಗಿ ಬಂದು ಜ್ವರದಿಂದ ಸಾಯುತ್ತಾನೆ. ಅವನ ಶವಸಂಸ್ಕಾರ ಮಾಡುವವರು ಯಾರು ಎಂಬ ಪ್ರಶ್ನೆ ಇಡೀ ಅಗ್ರಹಾರವನ್ನು ಕಾಡುತ್ತದೆ. ಕಾಶಿಯಲ್ಲಿ ಓದಿ ಬಂದ ಪ್ರಾಣೇಶಾಚಾರ್ಯರಿಗೆ ಶಾಸ್ತ್ರಗ್ರಂಥಗಳಲ್ಲಿ ಉತ್ತರ ಸಿಗುವುದಿಲ್ಲ. ಅವರು ಊರು ಬಿಟ್ಟು ಅಲೆಯುತ್ತ ಮೇಳಿಗೆಯ ತೇರಿಗೆ ಹೋಗುತ್ತಾರೆ. ಅರ್ಥಾತ್, ಇಂಗ್ಲೆಂಡಿನಲ್ಲಿದ್ದ ಲೇಖಕರು ತಮ್ಮ ನಾಯಕನನ್ನು ಕರೆದೊಯ್ದು ಬಿಟ್ಟದ್ದು ತಾವು ಹುಟ್ಟಿದ ಊರಿನ ಜಾತ್ರೆಗೆ.

ಅನಂತಮೂರ್ತಿಯವರ ಪಯಣಗಳಿಗೆಲ್ಲ ಈ ಪ್ರಸಂಗ ಒಂದು ಕೀಲಿಕೈ ಎನ್ನಬಹುದು. ಪರದೇಶದ ನೋಟ ಅವರಿಗೆ ಪರದೇಶಕ್ಕಿಂತ ಹೆಚ್ಚಾಗಿ ಸ್ವದೇಶವನ್ನು ತೋರಿಸಿತು.

ವೈಕುಂಠಪುರದಲ್ಲಿ ‘ಸಂಸ್ಕಾರ’

ಕಾದಂಬರಿ ಚಲನಚಿತ್ರವಾಗುವ ಹೊತ್ತಿಗೆ ಅದಕ್ಕೆ ತಕ್ಕ ಅಗ್ರಹಾರ ದೊರೆತದ್ದು ಶೃಂಗೇರಿ ಸಮೀಪದ ವೈಕುಂಠಪುರದಲ್ಲಿ. ಪಟ್ಟಾಭಿರಾಮ ರೆಡ್ಡಿ ನಿರ್ದೇಶಿಸಿದ ಈ ಚಿತ್ರದ ಬಹುಭಾಗದ ಚಿತ್ರೀಕರಣ ಅಲ್ಲಿಯೇ ನಡೆಯಿತು. ಚಿತ್ರಕಥೆ ರಚಿಸಿದ ಗಿರೀಶ ಕಾರ್ನಾಡರು ಪ್ರಾಣೇಶಾಚಾರ್ಯರಾಗಿ, ಪಿ. ಲಂಕೇಶರು ನಾರಣಪ್ಪನಾಗಿ, ಸ್ನೇಹಲತಾ ರೆಡ್ಡಿಯವರು ಚಂದ್ರಿಯಾಗಿ ಅಭಿನಯಿಸಿದರು. ಛಾಯಾಗ್ರಾಹಕ ಟಾಮ್ ಕೋವನ್ ಆಸ್ಟ್ರೇಲಿಯಾದವರು. ಜಾತಿಭಾವನೆ ಕೆರಳಬಹುದೆಂಬ ಆತಂಕದಿಂದ ಸೆನ್ಸಾರ್ ಮಂಡಳಿ ಮೊದಲು ಚಿತ್ರಕ್ಕೆ ತಡೆಯೊಡ್ಡಿತು. ಬಳಿಕ ತಡೆ ತೆರವಾಗಿ 1970ರಲ್ಲಿ ತೆರೆಕಂಡ ಚಿತ್ರ ಸ್ವರ್ಣಕಮಲ ಗಳಿಸಿತು. ಈ ಗೌರವ ಪಡೆದ ಮೊದಲ ಕನ್ನಡ ಚಿತ್ರವೂ ಅದೇ.

ಎ.ಕೆ. ರಾಮಾನುಜನ್ ಅವರ ಇಂಗ್ಲಿಷ್ ಅನುವಾದ 1976ರಲ್ಲಿ ಹೊರಬಂದ ಮೇಲೆ ‘ಸಂಸ್ಕಾರ’ ಹೊರದೇಶದ ವಿಶ್ವವಿದ್ಯಾಲಯಗಳ ತರಗತಿಗಳನ್ನು ಪ್ರವೇಶಿಸಿತು. ವಿ.ಎಸ್. ನೈಪಾಲ್ 1977ರ ತಮ್ಮ ಭಾರತ ಕುರಿತ ಗ್ರಂಥದಲ್ಲಿ ಇದನ್ನು ಚರ್ಚಿಸಿದರು. ಮಲೆನಾಡಿನ ಒಂದು ಅಗ್ರಹಾರದ ಕತೆ ಲೋಕದ ಪಠ್ಯವಾದದ್ದು ಹೀಗೆ.

ತರಗತಿಯ ಒಳಗೂ ಹೊರಗೂ

ಇಂಗ್ಲೆಂಡಿನಿಂದ ಮರಳಿದ ಅನಂತಮೂರ್ತಿಯವರು ದೀರ್ಘಕಾಲ ಪಾಠ ಹೇಳಿದ್ದು ಮೈಸೂರಿನಲ್ಲಿ. 1970ರಿಂದ ಮೈಸೂರು ವಿಶ್ವವಿದ್ಯಾಲಯದ ಇಂಗ್ಲಿಷ್ ವಿಭಾಗದಲ್ಲಿದ್ದು, 1980ರ ದಶಕದ ನಡುಭಾಗದವರೆಗೂ ಅಧ್ಯಾಪನ ನಡೆಸಿದರು. ಶೇಕ್ಸ್‌ಪಿಯರ್‌ನನ್ನೋ ಯೇಟ್ಸ್‌ನನ್ನೋ ಕುರಿತು ಮಾತಿಗೆ ತೊಡಗಿದರೆ, ಆ ಮಾತು ಅಡಿಗರ ಕವಿತೆಗೂ ವಚನಗಳಿಗೂ ಹರಿದು ಬರುವುದು ಅವರ ಕ್ರಮ. ತಾವು ಇಂಗ್ಲಿಷಿನಲ್ಲಿ ಪಾಠ ಮಾಡಿ ಮೆಚ್ಚಿದ ಕವಿಗಳನ್ನು ಅವರು ಕನ್ನಡಕ್ಕೂ ತಂದರು. ಯೇಟ್ಸ್, ವರ್ಡ್ಸ್‌ವರ್ತ್, ರಿಲ್ಕೆ ಮುಂತಾದವರ ಕವಿತೆಗಳ ಅನುವಾದ, ಅವುಗಳಿಗೆ ಜೊತೆಯಾಗಿ ವ್ಯಾಖ್ಯಾನ, ಚೀನಾದ ಪ್ರಾಚೀನ ‘ದಾವ್ ದ ಜಿಂಗ್’ನ ಕನ್ನಡ ರೂಪ, ಇವೆಲ್ಲ ಒಬ್ಬ ಅಧ್ಯಾಪಕನ ಕೆಲಸದ ಮುಂದುವರಿಕೆಯೇ ಸರಿ. ಇಂಗ್ಲಿಷ್ ಓದಲಾರದ ಓದುಗನೂ ಆ ಕವಿಗಳ ವಿದ್ಯಾರ್ಥಿಯಾಗಬಹುದು ಎಂಬುದು ಇವುಗಳ ಹಿಂದಿನ ನಂಬಿಕೆ.

1981ರಲ್ಲಿ ಅವರು ‘ರುಜುವಾತು’ ತ್ರೈಮಾಸಿಕವನ್ನು ಆರಂಭಿಸಿದರು. ಸಾಹಿತ್ಯ, ರಾಜಕಾರಣ, ತತ್ತ್ವಶಾಸ್ತ್ರಗಳನ್ನು ಕನ್ನಡದಲ್ಲಿಯೇ ಗಂಭೀರವಾಗಿ ಚರ್ಚಿಸಲು ಸಾಧ್ಯವೆಂಬುದನ್ನು ಆ ಪತ್ರಿಕೆ ತೋರಿಸಿಕೊಟ್ಟಿತು. ‘ಪ್ರಜ್ಞೆ ಮತ್ತು ಪರಿಸರ’, ‘ಸನ್ನಿವೇಶ’, ‘ಪೂರ್ವಾಪರ’ ಮೊದಲಾದ ಪ್ರಬಂಧ ಸಂಗ್ರಹಗಳು ಇದೇ ದಾರಿಯ ಫಲ.

ತರಗತಿಯ ಗೋಡೆಯಾಚೆಗೂ ಅವರು ಮೇಷ್ಟ್ರೇ ಆಗಿದ್ದರು. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರು ಬೆಳೆಸಿದ ನೀನಾಸಂ ಸಂಸ್ಥೆಯ ಸಂಸ್ಕೃತಿ ಶಿಬಿರಗಳಲ್ಲಿ ಅನಂತಮೂರ್ತಿಯವರು ತಪ್ಪದೆ ಪಾಲ್ಗೊಳ್ಳುತ್ತಿದ್ದರು. ಅಲ್ಲಿ ಎದುರು ಕುಳಿತವರಲ್ಲಿ ಕೃಷಿಕರು, ಶಾಲಾ ಶಿಕ್ಷಕರು, ಬ್ಯಾಂಕ್ ನೌಕರರು, ಗೃಹಿಣಿಯರು, ಕಾಲೇಜು ವಿದ್ಯಾರ್ಥಿಗಳು ಇರುತ್ತಿದ್ದರು. ಪರೀಕ್ಷೆಯಿಲ್ಲದ, ಪ್ರಮಾಣಪತ್ರದ ಆಸೆಯಿಲ್ಲದ ಆ ತರಗತಿ ಅವರ ಇಷ್ಟದ ತರಗತಿಗಳಲ್ಲಿ ಒಂದಾಗಿತ್ತು.

ಕೊಟ್ಟಾಯಂನಲ್ಲಿ ಕುಲಪತಿ

1987ರಲ್ಲಿ ಅವರು ಕೇರಳದ ಕೊಟ್ಟಾಯಂನಲ್ಲಿರುವ ಮಹಾತ್ಮಾ ಗಾಂಧಿ ವಿಶ್ವವಿದ್ಯಾಲಯದ ಕುಲಪತಿಯಾಗಿ ನೇಮಕಗೊಂಡರು. ಕನ್ನಡದ ಲೇಖಕರೊಬ್ಬರು ನೆರೆರಾಜ್ಯದ ಹೊಸ ವಿಶ್ವವಿದ್ಯಾಲಯವನ್ನು ಕಟ್ಟುವ ಹೊಣೆ ಹೊತ್ತದ್ದು ವಿಶೇಷವೇ. ಅವರ ಅವಧಿಯಲ್ಲಿ ಅಲ್ಲಿ ಸಾಹಿತ್ಯಾಧ್ಯಯನಕ್ಕೆಂದೇ ‘ಸ್ಕೂಲ್ ಆಫ್ ಲೆಟರ್ಸ್’ ಆರಂಭವಾಯಿತು. ಮಲಯಾಳಂ, ಇಂಗ್ಲಿಷ್ ಎಂದು ಬೇರೆ ಬೇರೆ ಕೋಣೆಗಳಲ್ಲಿ ಕುಳಿತಿದ್ದ ಸಾಹಿತ್ಯಗಳನ್ನು ಒಂದೇ ಸೂರಿನಡಿ ಓದಿಸುವುದು ಅದರ ಆಶಯವಾಗಿತ್ತು.

ಕೊಟ್ಟಾಯಂ ಪಟ್ಟಣ 1989ರಲ್ಲಿ ದೇಶದ ಮೊದಲ ಸಂಪೂರ್ಣ ಸಾಕ್ಷರ ಪಟ್ಟಣವೆಂದು ಘೋಷಿತವಾದದ್ದೂ ಇದೇ ಅವಧಿಯಲ್ಲಿ. ಸ್ಥಳೀಯ ಆಡಳಿತದೊಂದಿಗೆ ವಿಶ್ವವಿದ್ಯಾಲಯದ ರಾಷ್ಟ್ರೀಯ ಸೇವಾ ಯೋಜನೆಯ ವಿದ್ಯಾರ್ಥಿಗಳು ಮನೆ ಮನೆಗೆ ತೆರಳಿ ಅಕ್ಷರ ಕಲಿಸಿದ ಕಾರ್ಯ ಅದು. 1991ರಲ್ಲಿ ಕುಲಪತಿ ಹುದ್ದೆಯ ಅವಧಿ ಮುಗಿಯಿತು. ಅನಂತರ 1992ರಲ್ಲಿ ನ್ಯಾಷನಲ್ ಬುಕ್ ಟ್ರಸ್ಟ್‌ನ ಅಧ್ಯಕ್ಷರಾಗಿ, 1993ರಿಂದ ಕೇಂದ್ರ ಸಾಹಿತ್ಯ ಅಕಾಡೆಮಿಯ ಅಧ್ಯಕ್ಷರಾಗಿ ಅವರು ಸೇವೆ ಸಲ್ಲಿಸಿದರು. ಪುಣೆಯ ಚಲನಚಿತ್ರ ಹಾಗೂ ದೂರದರ್ಶನ ಸಂಸ್ಥೆಯ ಅಧ್ಯಕ್ಷತೆಯೂ ಅವರಿಗೆ ಒಲಿಯಿತು.

ದೇಶ ಸುತ್ತಿದ್ದು, ಕೋಶ ಓದಿದ್ದು

ಅಮೆರಿಕದ ಅಯೋವಾ ಹಾಗೂ ಟಫ್ಟ್ಸ್, ಜರ್ಮನಿಯ ಟ್ಯೂಬಿಂಗನ್, ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯ, ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯಗಳಲ್ಲಿ ಅನಂತಮೂರ್ತಿಯವರು ಸಂದರ್ಶಕ ಪ್ರಾಧ್ಯಾಪಕರಾಗಿದ್ದರು. ಸೋವಿಯತ್ ಒಕ್ಕೂಟ, ಹಂಗೇರಿ, ಫ್ರಾನ್ಸ್, ಪಶ್ಚಿಮ ಜರ್ಮನಿಗಳಿಗೆ 1990ರ ಸುಮಾರಿನಲ್ಲಿ ಭಾರತೀಯ ಲೇಖಕರ ನಿಯೋಗದಲ್ಲಿ ಭೇಟಿಯಿತ್ತರು. 1993ರಲ್ಲಿ ಚೀನಾಕ್ಕೆ ಹೋದರು. ಯುರೋಪಿನ ಸಮಾಜವಾದಿ ರಾಷ್ಟ್ರಗಳು ಕುಸಿಯುತ್ತಿದ್ದ ದಿನಗಳವು. ಸಮಾಜವಾದದಲ್ಲಿ ನಂಬಿಕೆಯಿಟ್ಟು ಬೆಳೆದವರಿಗೆ ಅದು ಕೇವಲ ಪ್ರವಾಸವಾಗಿರಲಿಲ್ಲ.

ಪ್ರವಾಸಿಯ ಅನುಭವ ಅವರ ಕಥೆಗಳಲ್ಲಿ ಎರಡು ಬಗೆಯಲ್ಲಿ ಕಾಣಿಸುತ್ತದೆ. ‘ಕ್ಲಿಪ್ ಜಾಯಿಂಟ್’ನಂತಹ ಕತೆಯಲ್ಲಿ ಇಂಗ್ಲೆಂಡಿನ ಬದುಕೇ ವಸ್ತು. ಆದರೆ ಹೆಚ್ಚು ಬಾರಿ ಬರುವುದು ಹೋದವನ ಕತೆಯಲ್ಲ, ಮರಳಿದವನ ಕತೆ. ‘ಭಾರತೀಪುರ’ (1973) ಕಾದಂಬರಿಯ ಜಗನ್ನಾಥ ಇಂಗ್ಲೆಂಡಿನಿಂದ ಹಿಂದಿರುಗಿ, ತನ್ನೂರಿನ ಮಂಜುನಾಥ ದೇವಾಲಯಕ್ಕೆ ದಲಿತರನ್ನು ಕರೆದೊಯ್ಯಲು ಹೊರಡುತ್ತಾನೆ. ತನ್ನ ಕ್ರಾಂತಿಯ ಹಂಬಲದೊಳಗೆ ಬೆರೆತಿರುವ ಅಹಂಕಾರವನ್ನೂ ಎದುರಿಸಬೇಕಾಗುತ್ತದೆ. ‘ಸೂರ್ಯನ ಕುದುರೆ’ಯಲ್ಲಿ ಲೋಕ ಕಂಡು ಬಂದ ನಿರೂಪಕ, ಊರು ಬಿಟ್ಟು ಕದಲದ ಬಾಲ್ಯಮಿತ್ರ ಹಡೆವೆಂಕಟನ ಕೈಯಿಂದ ಎಣ್ಣೆಸ್ನಾನ ಮಾಡಿಸಿಕೊಳ್ಳುತ್ತಾನೆ. ಮರುದಿನ ಮಿಡತೆಯೊಂದನ್ನು ಕಂಡು ಬೆರಗಾಗುವ ವೆಂಕಟನ ಮುಂದೆ ನಿರೂಪಕನ ವಿದ್ವತ್ತು ಸಣ್ಣದಾಗುತ್ತದೆ. ಆದರೂ ವೆಂಕಟನ ಬದುಕೇ ಸರಿ ಎಂಬ ತೀರ್ಪನ್ನು ಕತೆ ಕೊಡುವುದಿಲ್ಲ.

ತಮ್ಮ ಭಾಷಣಗಳಲ್ಲಿ ಅವರು ಮತ್ತೆ ಮತ್ತೆ ಬಳಸುತ್ತಿದ್ದ ರೂಪಕವೊಂದಿದೆ. ಮಲೆನಾಡಿನ ಮನೆಗೆ ಜಗಲಿಯೂ ಉಂಟು, ಹಿತ್ತಲೂ ಉಂಟು. ಜಗಲಿಯಲ್ಲಿ ಗಂಡಸರ ವ್ಯವಹಾರ, ಶಾಸ್ತ್ರ, ರಾಜಕೀಯದ ಮಾತು. ಹಿತ್ತಲಲ್ಲಿ ಹೆಂಗಸರ ಕತೆ, ಗುಟ್ಟು, ನೋವು. ಭಾಷೆಗಳ ವಿಷಯದಲ್ಲಿಯೂ ಹೀಗೆಯೇ ಎಂಬುದು ಅವರ ವಾದ. ಸಂಸ್ಕೃತ, ಇಂಗ್ಲಿಷ್‌ಗಳು ಜಗಲಿಯಲ್ಲಿ ಕುಳಿತರೆ, ದೇಶಭಾಷೆಗಳು ಹಿತ್ತಿಲಿನಿಂದ ಬರುತ್ತವೆ. ಸಾಹಿತ್ಯಕ್ಕೆ ಹೊಸ ಜೀವ ಬರುವುದು ಹಿತ್ತಿಲಿನಿಂದ. ನಮ್ಮಲ್ಲಿ ಹೆಚ್ಚು ಓದಿದವರಿಗೆ ಕಡಿಮೆ ಭಾಷೆಗಳು ಬರುತ್ತವೆ, ಓದದ ಕೂಲಿಕಾರರು ನಾಲ್ಕೈದು ಭಾಷೆಗಳಲ್ಲಿ ವ್ಯವಹರಿಸುತ್ತಾರೆ ಎಂದು ಅವರು ಬೊಟ್ಟು ಮಾಡಿ ತೋರಿಸುತ್ತಿದ್ದರು.

ಸಮಾನ ಶಾಲೆಯ ಕನಸು

ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದೂ ಅನಂತಮೂರ್ತಿಯವರು ಕನ್ನಡ ಮಾಧ್ಯಮದ ಪ್ರತಿಪಾದಕರಾಗಿದ್ದರು. ಇದರಲ್ಲಿ ವಿರೋಧಾಭಾಸವಿದೆಯೆಂದು ಆಕ್ಷೇಪಿಸಿದವರುಂಟು. ಇಂಗ್ಲಿಷನ್ನು ಒಂದು ಭಾಷೆಯಾಗಿ ಎಲ್ಲ ಮಕ್ಕಳಿಗೂ ಚೆನ್ನಾಗಿ ಕಲಿಸಬೇಕು, ಆದರೆ ಗಣಿತ, ವಿಜ್ಞಾನ, ಸಮಾಜವನ್ನು ಮಗು ತನ್ನ ಮನೆಯ, ಕೇರಿಯ ಭಾಷೆಯಲ್ಲಿ ಅರಿಯಬೇಕು ಎಂಬುದು ಅವರ ನಿಲುವಿನ ಸಾರ. ಇದಕ್ಕಿಂತ ಮುಖ್ಯವಾಗಿ ಅವರು ಒತ್ತಿ ಹೇಳಿದ್ದು ಸಮಾನ ಶಾಲೆಯನ್ನು. ಊರಿನ ಜಮೀನ್ದಾರನ ಮಗು, ಕೂಲಿಯ ಮಗು, ಅಧಿಕಾರಿಯ ಮಗು ಒಂದೇ ನೆರೆಹೊರೆಯ ಶಾಲೆಯ ಒಂದೇ ಬೆಂಚಿನ ಮೇಲೆ ಕೂರಬೇಕು. ಉಳ್ಳವರ ಮಕ್ಕಳು ಬೇರೆಡೆಗೆ ಹೊರಟುಹೋದ ಶಾಲೆಯ ಸೋರುವ ಸೂರನ್ನು ಕೇಳುವವರೇ ಇರುವುದಿಲ್ಲ ಎಂಬ ಸರಳ ಸತ್ಯ ಈ ವಾದದ ತಳಹದಿ.

ಮಲೆನಾಡಿನಲ್ಲಿ ಈ ಮಾತಿನ ಅರ್ಥ ಬೇಗ ತಿಳಿಯುತ್ತದೆ. ಬಯಲುಸೀಮೆಯಂತೆ ಇಲ್ಲಿ ಮನೆಗಳು ಒತ್ತಾಗಿ ಇರುವುದಿಲ್ಲ. ತೋಟಕ್ಕೊಂದು, ಗುಡ್ಡಕ್ಕೊಂದು ಮನೆ. ಮಳೆಗಾಲದಲ್ಲಿ ಹಳ್ಳ ತುಂಬಿದರೆ ಮಕ್ಕಳು ಶಾಲೆಗೆ ಬರುವುದೇ ಕಷ್ಟ. ಆದ್ದರಿಂದಲೇ ಇಲ್ಲಿ ಕಡಿಮೆ ಮಕ್ಕಳ, ಒಬ್ಬಿಬ್ಬರು ಶಿಕ್ಷಕರ ಸಣ್ಣ ಶಾಲೆಗಳು ಹಳ್ಳಿಹಳ್ಳಿಗೂ ಬೇಕಾದವು. ಅಂತಹ ಶಾಲೆಯಿಂದ ಅನುಕೂಲಸ್ಥರ ನಾಲ್ಕು ಮಕ್ಕಳು ಪೇಟೆಯ ಇಂಗ್ಲಿಷ್ ಮಾಧ್ಯಮ ಶಾಲೆಯ ವ್ಯಾನು ಹತ್ತಿದರೆ, ಉಳಿಯುವವರು ಬೆರಳೆಣಿಕೆಯ ಮಕ್ಕಳು. ಸಂಖ್ಯೆ ಕುಸಿದಂತೆ ಶಾಲೆಯನ್ನು ಇನ್ನೊಂದರೊಡನೆ ವಿಲೀನಗೊಳಿಸುವ ಮಾತು ಬರುತ್ತದೆ. ಆಗ ವ್ಯಾನಿನ ಶುಲ್ಕ ಕೊಡಲಾರದ ಮನೆಯ ಮಗು ಹೆಚ್ಚು ದೂರ ನಡೆಯಬೇಕಾಗುತ್ತದೆ.

ಪೋಷಕರ ಆಸೆಯನ್ನು ತಪ್ಪೆಂದು ತಳ್ಳಿಹಾಕುವುದೂ ನ್ಯಾಯವಲ್ಲ. ಇಂಗ್ಲಿಷ್ ಬಂದರೆ ಉದ್ಯೋಗ, ಉದ್ಯೋಗವಿದ್ದರೆ ಗೌರವ ಎಂಬುದನ್ನು ಅವರು ಕಣ್ಣಾರೆ ಕಂಡಿದ್ದಾರೆ. ತಲೆಮಾರುಗಳಿಂದ ಅಕ್ಷರವಂಚಿತರಾದ ಸಮುದಾಯಗಳಿಗೆ ಇಂಗ್ಲಿಷೇ ಬಿಡುಗಡೆಯ ದಾರಿ ಎಂದು ವಾದಿಸುವ ದಲಿತ ಚಿಂತಕರಿದ್ದಾರೆ. ಸ್ವತಃ ಇಂಗ್ಲಿಷಿನ ನೆರವಿನಿಂದ ಲೋಕ ಸುತ್ತಿದವರು ಇತರರಿಗೆ ಕನ್ನಡ ಮಾಧ್ಯಮವನ್ನು ಬೋಧಿಸುವುದು ಸರಿಯೇ ಎಂಬ ಪ್ರಶ್ನೆಯಲ್ಲಿ ಹುರುಳಿಲ್ಲದಿಲ್ಲ. ಅನಂತಮೂರ್ತಿಯವರ ವಾದಕ್ಕೆ ಬಲ ಬರುವುದು ಭಾಷೆಯ ಅಭಿಮಾನದಿಂದಲ್ಲ, ಎಲ್ಲರಿಗೂ ಒಂದೇ ಶಾಲೆ ಎಂಬ ಷರತ್ತಿನಿಂದ. ಆ ಷರತ್ತು ಬಿದ್ದುಹೋದರೆ ಕನ್ನಡ ಮಾಧ್ಯಮ ಬಡವರ ಪಾಲಿಗೆ ಮಾತ್ರ ಉಳಿಯುತ್ತದೆ.

ರಾಜ್ಯದ ಭಾಷಾನೀತಿ ಮುಂದೆ ಬೇರೆಯೇ ಹಾದಿ ಹಿಡಿಯಿತು. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆ ಅಥವಾ ಕನ್ನಡ ಮಾಧ್ಯಮವನ್ನು ಕಡ್ಡಾಯಗೊಳಿಸಿದ್ದ 1994ರ ಸರ್ಕಾರಿ ಆದೇಶದ ಕುರಿತು ದೀರ್ಘ ಕಾನೂನು ಸಮರ ನಡೆಯಿತು. 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ಮಾತೃಭಾಷಾ ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲವೆಂದು ತೀರ್ಪಿತ್ತಿತು. ಅನಂತಮೂರ್ತಿಯವರು ತೀರಿಕೊಂಡದ್ದು ಆ ತೀರ್ಪು ಬಂದ ಮೂರೂವರೆ ತಿಂಗಳಿಗೆ. 2019–20ರ ಶೈಕ್ಷಣಿಕ ವರ್ಷದಲ್ಲಿ ರಾಜ್ಯ ಸರ್ಕಾರವೇ 1,000 ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ವಿಭಾಗಗಳನ್ನು ತೆರೆಯಿತು.

ಗೌರವ ಮತ್ತು ವಿವಾದ

1994ರ ಜ್ಞಾನಪೀಠ ಪ್ರಶಸ್ತಿ, 1998ರ ಪದ್ಮಭೂಷಣ, 2002ರಲ್ಲಿ ತುಮಕೂರಿನಲ್ಲಿ ನಡೆದ 69ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ಅವರಿಗೆ ಸಂದ ಗೌರವಗಳಲ್ಲಿ ಪ್ರಮುಖವಾದವು. 2013ರ ಮ್ಯಾನ್ ಬುಕರ್ ಅಂತಾರಾಷ್ಟ್ರೀಯ ಪ್ರಶಸ್ತಿಯ ಅಂತಿಮ ಪಟ್ಟಿಯಲ್ಲಿಯೂ ಅವರ ಹೆಸರಿತ್ತು. ಕರ್ನಾಟಕ ಏಕೀಕರಣದ ಸುವರ್ಣ ಮಹೋತ್ಸವದ ಸಂದರ್ಭದಲ್ಲಿ, ‘ಬೆಂಗಳೂರು’ ಎಂಬ ಹೆಸರನ್ನೇ ಇಂಗ್ಲಿಷಿನಲ್ಲಿಯೂ ಬಳಸಬೇಕೆಂದು ಅವರು ಸಲಹೆಯಿತ್ತರು. ರಾಜ್ಯದ 12 ನಗರಗಳಿಗೆ ಕನ್ನಡದ ಹೆಸರು ಅಧಿಕೃತವಾದದ್ದು 2014ರ ನವೆಂಬರ್ 1ರಂದು. ಶಿವಮೊಗ್ಗ, ಚಿಕ್ಕಮಗಳೂರುಗಳೂ ಆ ಪಟ್ಟಿಯಲ್ಲಿದ್ದವು. ಅದನ್ನು ನೋಡಲು ಅವರು ಇರಲಿಲ್ಲ.

ವಿವಾದಗಳು ಅವರನ್ನು ‘ಸಂಸ್ಕಾರ’ದ ದಿನಗಳಿಂದಲೂ ಹಿಂಬಾಲಿಸಿದವು. ಸಂಪ್ರದಾಯಸ್ಥರು ಅವರನ್ನು ಧರ್ಮನಿಂದಕರೆಂದರೆ, ಕೆಲವು ಪ್ರಗತಿಪರರು ಸಂಪ್ರದಾಯದ ಬಗ್ಗೆ ಮೃದುವಾದರೆಂದು ದೂರಿದರು. ನರೇಂದ್ರ ಮೋದಿ ಪ್ರಧಾನಿಯಾಗಿರುವ ದೇಶದಲ್ಲಿ ಬದುಕಲು ಇಚ್ಛಿಸುವುದಿಲ್ಲವೆಂದು 2013ರಲ್ಲಿ ಆಡಿದ ಮಾತು ತೀವ್ರ ವಿರೋಧಕ್ಕೆ ಗುರಿಯಾಯಿತು. ಅದು ಭಾವಾವೇಶದಲ್ಲಿ ಬಂದ ಮಾತೆಂದು ಬಳಿಕ ಅವರು ವಿವರಣೆ ನೀಡಿದರು. ತಮ್ಮನ್ನು ಸಂಪ್ರದಾಯದ ಒಳಗಿದ್ದೇ ಅದನ್ನು ಪ್ರಶ್ನಿಸುವ ವಿಮರ್ಶಕನೆಂದು ಅವರು ಕರೆದುಕೊಳ್ಳುತ್ತಿದ್ದರು. ಒಳಗಿನವರಿಗೂ ಹೊರಗಿನವರಿಗೂ ಏಕಕಾಲಕ್ಕೆ ಅಸಮಾಧಾನ ತರುವ ಸ್ಥಾನ ಅದು.

ಕೊನೆಯ ದಿನಗಳು

ಕೊನೆಯ ವರ್ಷಗಳಲ್ಲಿ ಮೂತ್ರಪಿಂಡದ ಕಾಯಿಲೆ ಅವರನ್ನು ಬಾಧಿಸಿತು. ಆದರೂ ಬರಹ, ಭಾಷಣ ನಿಲ್ಲಲಿಲ್ಲ. 2012ರಲ್ಲಿ ಆತ್ಮಕಥನ ‘ಸುರಗಿ’ ಪ್ರಕಟವಾಯಿತು. ಸುರಗಿ ಮಲೆನಾಡಿನವರಿಗೆ ಚಿರಪರಿಚಿತ ಹೂವು. ಒಣಗಿದ ಮೇಲೂ ಅದರ ಪರಿಮಳ ಹೋಗುವುದಿಲ್ಲ. 2014ರ ಆಗಸ್ಟ್ 22ರಂದು ಬೆಂಗಳೂರಿನ ಆಸ್ಪತ್ರೆಯಲ್ಲಿ, 81ನೆಯ ವಯಸ್ಸಿನಲ್ಲಿ ಅವರು ನಿಧನರಾದರು. ಜ್ಞಾನಭಾರತಿ ಸಮೀಪದ ಕಲಾಗ್ರಾಮದಲ್ಲಿ ಸಕಲ ಸರ್ಕಾರಿ ಗೌರವಗಳೊಂದಿಗೆ ಅಂತ್ಯಕ್ರಿಯೆ ನೆರವೇರಿತು. ‘ಹಿಂದುತ್ವ ಅಥವಾ ಹಿಂದ್ ಸ್ವರಾಜ್’ ಅವರ ಮರಣಾನಂತರ ಬೆಳಕು ಕಂಡ ಕೃತಿ.

ಇಂದು ‘ಸಂಸ್ಕಾರ’ವನ್ನು ಅಮೆರಿಕದ ವಿದ್ಯಾರ್ಥಿ ಇಂಗ್ಲಿಷಿನಲ್ಲಿ ಓದುತ್ತಾನೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಹಳ್ಳಿಯೊಂದರ ವಿದ್ಯಾರ್ಥಿ ಅದನ್ನು ಮೂಲ ಕನ್ನಡದಲ್ಲಿ ಓದಿ ತನ್ನದೆಂದು ಗುರುತಿಸಬಲ್ಲನೇ ಎಂಬುದು ಅವನು ಕಲಿಯುವ ಶಾಲೆಯನ್ನು ಅವಲಂಬಿಸಿದೆ. ಮೇಷ್ಟ್ರ ನೆನಪಿಗೆ ಪ್ರತಿಮೆ, ಪ್ರಶಸ್ತಿಗಳಿಗಿಂತ ಹೆಚ್ಚಾಗಿ ಬೇಕಾದದ್ದು ಮಕ್ಕಳು ತುಂಬಿದ ಅಂತಹ ಊರಶಾಲೆ.

ಸಂಕ್ಷಿಪ್ತ ಜೀವನರೇಖೆ

1932: ಡಿಸೆಂಬರ್ 21, ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯಲ್ಲಿ ಜನನ
1955: ಮೊದಲ ಕಥಾಸಂಕಲನ ‘ಎಂದೆಂದೂ ಮುಗಿಯದ ಕತೆ’
1956: ಎಸ್ತರ್ ಅವರೊಂದಿಗೆ ವಿವಾಹ
1963: ಉನ್ನತ ವ್ಯಾಸಂಗಕ್ಕಾಗಿ ಬರ್ಮಿಂಗ್‌ಹ್ಯಾಮ್‌ಗೆ
1965: ‘ಸಂಸ್ಕಾರ’ ಕಾದಂಬರಿ
1966: ಪಿಎಚ್.ಡಿ. ಪದವಿ
1970: ವೈಕುಂಠಪುರದಲ್ಲಿ ಚಿತ್ರೀಕರಣಗೊಂಡ ‘ಸಂಸ್ಕಾರ’ ಚಲನಚಿತ್ರ ತೆರೆಗೆ
1973: ‘ಭಾರತೀಪುರ’
1978: ‘ಅವಸ್ಥೆ’
1981: ‘ರುಜುವಾತು’ ತ್ರೈಮಾಸಿಕ ಆರಂಭ
1987: ಕೊಟ್ಟಾಯಂನ ಮಹಾತ್ಮಾ ಗಾಂಧಿ ವಿಶ್ವವಿದ್ಯಾಲಯದ ಕುಲಪತಿ
1993: ಕೇಂದ್ರ ಸಾಹಿತ್ಯ ಅಕಾಡೆಮಿ ಅಧ್ಯಕ್ಷ
1994: ಜ್ಞಾನಪೀಠ ಪ್ರಶಸ್ತಿ, ‘ಭವ’ ಕಾದಂಬರಿ
1998: ಪದ್ಮಭೂಷಣ
2002: ತುಮಕೂರು ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ
2012: ಆತ್ಮಕಥನ ‘ಸುರಗಿ’
2014: ಆಗಸ್ಟ್ 22, ಬೆಂಗಳೂರಿನಲ್ಲಿ ನಿಧನ